ಅಮೆರಿಕದ ಶಾಲೆಯಲ್ಲಿ ಪ್ರಾರ್ಥನೆ ಮಾಡಬಾರದಂತೆ, ಹೌದಾ?

ಊರಿಗೆ ಫೋನ್ ಮಾಡಿದಾಗಲೆಲ್ಲ ಚಿಕ್ಕಪ್ಪ ಇದನ್ನೇ ಕೇಳುತ್ತಾರೆ. "ಅಲ್ಲ ಕಣೋ, ನೋಟಿನ ಮೇಲೆ ದೇವರನ್ನು ನಂಬಿದ್ದೇವೆ ಅಂತ ಅಚ್ಚು ಹಾಕ್ತಾರೆ, ಶಾಲೇಲಿ ಮಕ್ಕಳು ಕೈಮುಗಿದರೆ ತಪ್ಪಾ?" ಇಲ್ಲಿಗೆ ಹೊಸದಾಗಿ ಬಂದ ಕನ್ನಡದವರೂ ಕೇಳುತ್ತಾರೆ.

ತಪ್ಪಲ್ಲ. ಮಗು ಊಟಕ್ಕೆ ಮೊದಲು ಕೈಮುಗಿಯಬಹುದು. ಗಣಿತದ ಪರೀಕ್ಷೆಗೆ ಮುಂಚೆ ಎಷ್ಟು ದೇವರನ್ನು ಬೇಕಾದರೂ ನೆನೆಯಬಹುದು. ಆದರೆ ಪಬ್ಲಿಕ್ ಸ್ಕೂಲ್ ತಾನೇ ನಿಂತು ಪ್ರಾರ್ಥನೆ ಹೇಳಿಸುವ ಹಾಗಿಲ್ಲ. (ಇಲ್ಲಿ ಪಬ್ಲಿಕ್ ಸ್ಕೂಲ್ ಅಂದರೆ ಸರ್ಕಾರಿ ಶಾಲೆ. ಬೆಂಗಳೂರಿನ ದುಬಾರಿ ಪಬ್ಲಿಕ್ ಸ್ಕೂಲ್ ಅಲ್ಲ!)

ನಾಸ್ತಿಕರು ಕೋರ್ಟಿಗೆ ಹೋಗಿ ದೇವರನ್ನು ಆಚೆ ಹಾಕಿಸಿದರು ಅಂತ ಕಥೆ ಹೇಳುವವರು ಜಾಸ್ತಿ. ಅವರು ಹೇಳುವುದು 1962ರ ತೀರ್ಪಿನ ಬಗ್ಗೆ. ಜಗಳ ಶುರುವಾಗಿದ್ದು ಅದಕ್ಕಿಂತ ನೂರು ವರ್ಷಕ್ಕೂ ಮೊದಲು, ಅದೂ ಕ್ರೈಸ್ತರ ನಡುವೆಯೇ.

ಆಗ ಶಾಲೆಗಳಲ್ಲಿ ಪ್ರಾಟೆಸ್ಟೆಂಟರ ಕಿಂಗ್ ಜೇಮ್ಸ್ ಬೈಬಲ್ ಓದಿಸುತ್ತಿದ್ದರು. ಐರ್ಲೆಂಡಿನಿಂದ ವಲಸೆ ಬಂದ ಕ್ಯಾಥೊಲಿಕರ ಬೈಬಲ್ ಬೇರೆ. 1842ರಲ್ಲಿ ಫಿಲಡೆಲ್ಫಿಯಾದ ಬಿಷಪ್ ಫ್ರಾನ್ಸಿಸ್ ಕೆನ್ರಿಕ್, ನಮ್ಮ ಮಕ್ಕಳು ನಮ್ಮ ಬೈಬಲ್ ಓದಲಿ ಎಂದು ಕೇಳಿಕೊಂಡರು. ಕ್ಯಾಥೊಲಿಕರು ಬೈಬಲನ್ನೇ ಶಾಲೆಯಿಂದ ತೆಗೆಸುತ್ತಾರೆ ಎಂಬ ಪುಕಾರು ಎದ್ದಿತು. 1844ರ ಮೇ ತಿಂಗಳಲ್ಲಿ ಎರಡು ಕ್ಯಾಥೊಲಿಕ್ ಚರ್ಚುಗಳು ಸುಟ್ಟು ಹೋದವು. ಜುಲೈನಲ್ಲಿ ಮತ್ತೆ ಗಲಭೆ. ಕಡಿಮೆ ಎಂದರೂ 20 ಜನ ಸತ್ತರು.

ನನ್ನನ್ನು ಜಾಸ್ತಿ ಕಾಡುವುದು ಬೋಸ್ಟನ್ನಿನ ಹುಡುಗ ಥಾಮಸ್ ವಾಲ್. 1859. ಬೈಬಲಿನ ಹತ್ತು ಆಜ್ಞೆಗಳನ್ನು ಪ್ರಾಟೆಸ್ಟೆಂಟರ ಪಾಠದ ಪ್ರಕಾರ ಹೇಳು ಅಂದರು. ಒಲ್ಲೆ ಅಂದ. ಮೇಷ್ಟ್ರು ಸುಮಾರು ಅರ್ಧ ಗಂಟೆ ಕೈಮೇಲೆ ಬೆತ್ತದಿಂದ ಬಾರಿಸಿದರು. ಕೇಸಾಯಿತು, ಮೇಷ್ಟ್ರದೇನೂ ತಪ್ಪಿಲ್ಲ ಎಂದಿತು ಕೋರ್ಟು. ಆ ಹುಡುಗ ನಾಸ್ತಿಕನಲ್ಲ ನೋಡಿ. ತನ್ನ ದೇವರನ್ನು ನಂಬಿದ್ದಕ್ಕೇ ಪೆಟ್ಟು ತಿಂದ. ಕ್ಯಾಥೊಲಿಕರು ಆಮೇಲೆ ಊರೂರಲ್ಲಿ ತಮ್ಮದೇ ಶಾಲೆ ಕಟ್ಟಿಕೊಂಡಿದ್ದು ಸುಮ್ನೆ ಅಲ್ಲ.

ಎಲ್ಲರಿಗೂ ಒಪ್ಪುವ ಒಂದು ಪ್ರಾರ್ಥನೆ ಬರೆದರೆ ಆಯ್ತಲ್ವಾ? ನ್ಯೂಯಾರ್ಕಿನ ಶಿಕ್ಷಣ ಮಂಡಳಿ 1951ರಲ್ಲಿ ಅದನ್ನೂ ಮಾಡಿ ನೋಡಿತು. ಇಂಗ್ಲಿಷಿನಲ್ಲಿ 22 ಪದ. ಯೇಸುವಿನ ಹೆಸರಿಲ್ಲ, ಉಪ್ಪಿಲ್ಲ, ಖಾರವಿಲ್ಲ. ಲಾಂಗ್ ಐಲೆಂಡಿನ ಐದು ಕುಟುಂಬಗಳು ಕೋರ್ಟಿಗೆ ಹೋದವು. ಅವರಲ್ಲಿ ಯಹೂದಿಗಳೂ ಇದ್ದರು, ದೇವರನ್ನು ನಂಬದವರೂ ಇದ್ದರು. 1962ರಲ್ಲಿ ಸುಪ್ರೀಂ ಕೋರ್ಟ್ 6–1ರ ಬಹುಮತದಲ್ಲಿ ಹೇಳಿತು: ಪ್ರಾರ್ಥನೆ ಬರೆದುಕೊಡುವುದು ಸರ್ಕಾರದ ಕೆಲಸವಲ್ಲ. ತೀರ್ಪು ಬರೆದ ಹ್ಯೂಗೊ ಬ್ಲ್ಯಾಕ್ ಹಿಂದೆ ವರ್ಷಗಟ್ಟಲೆ ಚರ್ಚಿನಲ್ಲಿ ಭಾನುವಾರದ ಪಾಠ ಹೇಳಿಕೊಟ್ಟವರು. ಮರುವರ್ಷವೇ ಶಾಲೆಯೇ ನಡೆಸುವ ಬೈಬಲ್ ಪಠಣವೂ ಹೋಯಿತು.

ಪ್ರಾರ್ಥನೆ ಬೇಡ ಅನ್ನುವ ಮಕ್ಕಳು ಸುಮ್ಮನಿರಬಹುದಿತ್ತು, ಇಲ್ಲಾ ಕೋಣೆಯಿಂದ ಆಚೆ ಹೋಗಬಹುದಿತ್ತು ಎಂದು ವಾದಿಸುವವರಿದ್ದಾರೆ. ಏಳು ವರ್ಷದ ಮಗು, ಎಲ್ಲರೂ ನೋಡುತ್ತಿರುವಾಗ, ದಿನಾ ಎದ್ದು ಆಚೆ ಹೋಗಬೇಕು. ದೊಡ್ಡವರಿಗೇ ಆಗದ ಕೆಲಸ ಅದು.

2022ರಲ್ಲಿ ಗಾಳಿ ಸ್ವಲ್ಪ ತಿರುಗಿತು. ಪಂದ್ಯ ಮುಗಿದ ಮೇಲೆ ಮೈದಾನದಲ್ಲೇ ಮಂಡಿಯೂರಿ ಪ್ರಾರ್ಥಿಸುತ್ತಿದ್ದ ವಾಷಿಂಗ್ಟನ್ ರಾಜ್ಯದ ಫುಟ್‌ಬಾಲ್ ಕೋಚ್ ಒಬ್ಬರ ಪರ 6–3ರಲ್ಲಿ ತೀರ್ಪಾಯಿತು. ಅದು ಅವರ ಸ್ವಂತ ಪ್ರಾರ್ಥನೆ ಎಂದಿತು ಕೋರ್ಟು. ಇರಬಹುದು. ಆದರೆ ಮುಂದಿನ ವಾರ ಯಾರನ್ನು ಆಡಿಸಬೇಕು ಅಂತ ನಿರ್ಧರಿಸುವವರು ಮಂಡಿಯೂರಿದಾಗ, ಪಕ್ಕದಲ್ಲಿ ನೆಟ್ಟಗೆ ನಿಂತೇ ಇರುವ ಹುಡುಗ ಎಷ್ಟು ಜನ ಸಿಗುತ್ತಾರೆ?