ಹೆರಾಲ್ಡ್ ಮತ್ತು ಜಮಖಾನ: ಶೆಡ್ಡಿನ ಕೆಲಸ ಎಲ್ಲಿಗೆ ಬಂತು

ಮಳೆ ಬಿಟ್ಟ ಮೇಲೆ ಕೆಲಸ ಚುರುಕಾಗಿದೆ. ಹಳೇ ಹೆರಾಲ್ಡ್ ಕಾರಿನ ಇಂಜಿನ್ ತಿರುಗುತ್ತಿದೆ, ಬ್ರೇಕ್ ಇನ್ನೂ ಇಲ್ಲ, ಆರ್‌ಸಿ ನನ್ನ ಹೆಸರಿಗೆ ಬಂದಿಲ್ಲ. ಜಮಖಾನದ ಒಂದು ಮೂಲೆ ಮಾತ್ರ ರಿಪೇರಿ ಆಗಿದೆ. ಕಳೆದ ಸಲ ಬರೆದಾಗಿನಿಂದ ಈಚೆಗೆ ಆದದ್ದನ್ನು ಇಲ್ಲಿ ಹಾಕುತ್ತಿದ್ದೇನೆ. ಹೊಸದಾಗಿ ಓದುತ್ತಿರುವವರಿಗೆ ಇವೆರಡೂ ಒಂದೇ ಶೆಡ್ಡಿಗೆ ಹೇಗೆ ಬಂದವು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ.

ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಹತ್ತಿರ ಒಂದು ಹಳೇ ಎಸ್ಟೇಟ್ ಬಂಗಲೆ. ದೊಡ್ಡವರು ತೀರಿಕೊಂಡ ಮೇಲೆ ಮಕ್ಕಳು ತೋಟ ಉಳಿಸಿಕೊಂಡು ಬಂಗಲೆಯ ಸಾಮಾನನ್ನೆಲ್ಲ ಹರಾಜಿಗೆ ಹಾಕಿದರು. ಬೀಟೆ ಮರದ ಬೀರು, ಗೋಡೆ ಗಡಿಯಾರ, ಗ್ರಾಮಾಫೋನು, ಪಿಂಗಾಣಿ. ಗೋಡೆಯ ಮೇಲಿದ್ದ ಕಾಡುಕೋಣದ ತಲೆಯನ್ನೂ ಒಬ್ಬರು ರೇಟು ಕೇಳಿದರು; 1972ರ ವನ್ಯಜೀವಿ ಕಾಯ್ದೆ ಅಂತೊಂದಿದೆ ಅಂತ ಯಾರೋ ನೆನಪಿಸಿದ ಮೇಲೆ ಸುಮ್ಮನಾದರು. ಷರತ್ತು ಮಾಮೂಲಿಯದೇ: ಇದ್ದಲ್ಲಿ, ಇದ್ದ ಹಾಗೆ. ಕೊಂಡ ಮೇಲೆ ದೂರು ಕೇಳುವುದಿಲ್ಲ.

ಸವಾಲು ಶುರುವಾಗುವ ಮೊದಲು ಸಾಮಾನು ನೋಡಲು ಬಿಟ್ಟಿದ್ದರು. ಬಂದವರಲ್ಲಿ ಅರ್ಧಕ್ಕರ್ಧ ಹೋಂಸ್ಟೇಯವರು. ಈಗ ನಮ್ಮ ಜಿಲ್ಲೆಯಲ್ಲಿ ಹಳೇ ಸಾಮಾನಿಗೆ ರೇಟು ಕಟ್ಟುವವರು ಅವರೇ. ಗಾಡಿ ಓಡಬೇಕಾಗಿಲ್ಲ, ಕಂಬಳಿ ಹಾಸಬೇಕಾಗಿಲ್ಲ, ವರಾಂಡದಲ್ಲಿ ಫೋಟೋಗೆ ಕಂಡರೆ ಸಾಕು. ಹಾಲಿನಲ್ಲಿ ಹಾಸಿದ್ದ ದೊಡ್ಡ ರತ್ನಗಂಬಳಿಗೆ ಪಟ್ಟಿಯಲ್ಲಿ ‘ಪರ್ಷಿಯನ್’ ಅಂತ ಬರೆದಿತ್ತು. ನಾನು ಮೂಲೆ ಮಗುಚಿ ನೋಡಿದೆ. ಬೆನ್ನಿಗೆ ಕ್ಯಾನ್ವಾಸ್ ಬಟ್ಟೆ ಅಂಟಿಸಿತ್ತು, ಉಗುರಲ್ಲಿ ಕೆರೆದರೆ ಒಣಗಿದ ಅಂಟು ಪುಡಿಪುಡಿಯಾಗಿ ಉದುರಿತು. ಕೈಯಿಂದ ಗಂಟು ಹಾಕಿದ ಕಂಬಳಿಯಾದರೆ ಮೇಲಿನ ಚಿತ್ತಾರವೇ ಬೆನ್ನಲ್ಲೂ ಕಾಣಬೇಕು, ಗಂಟುಗಳನ್ನು ಒಂದೊಂದಾಗಿ ಎಣಿಸಲು ಬರಬೇಕು, ಸಾಲು ಅಲ್ಲಲ್ಲಿ ಡೊಂಕಿರಬೇಕು. ತುದಿಯ ಕುಚ್ಚು ಅಂದರೆ ಹಾಸಿನ ನೂಲೇ (ಮಗ್ಗದಲ್ಲಿ ಉದ್ದಕ್ಕೆ ಎಳೆದ ನೂಲು) ಹೊರಗೆ ಇಳಿಬಿದ್ದಿರುವುದು. ಇದರ ಕುಚ್ಚನ್ನು ಬೇರೆ ತಂದು ಹೊಲಿದಿದ್ದರು. ಗನ್ನಿನಿಂದ ಉಣ್ಣೆ ಚುಚ್ಚಿ ಹಿಂದೆ ಅಂಟು ಬಳಿಯುವ ಟಫ್ಟೆಡ್ ಮಾಲು ಅದು. ಆದರೂ ಇಬ್ಬರು ಹೋಂಸ್ಟೇಯವರು ಹಠಕ್ಕೆ ಬಿದ್ದು ಅದನ್ನು ಎಲ್ಲಿಗೋ ಏರಿಸಿದರು.

ನಾನು ಹೋಗಿದ್ದು ಕಾರಿಗೆ. ಪಟ್ಟಿಯಲ್ಲಿ ‘ಸ್ಟ್ಯಾಂಡರ್ಡ್ ಹೆರಾಲ್ಡ್, ಶೆಡ್ಡಿನಲ್ಲಿರುವ ಇತರೆ ಸಾಮಾನು ಸಹಿತ’ ಅಂತಿತ್ತು. ಇತರೆ ಸಾಮಾನು ಅಂದರೆ ತುಕ್ಕು ಹಿಡಿದ ಜಾಕ್, ಬಿಸ್ಕತ್ತಿನ ಡಬ್ಬದಲ್ಲಿ ಬಿಚ್ಚಿಟ್ಟಿದ್ದ ಕಾರ್ಬುರೇಟರ್, ಬಾನೆಟ್ ಮೇಲೆ ಧೂಳಿಗೆ ಅಂತ ಹೊದಿಸಿದ್ದ ಒಂದು ದಪ್ಪ ಹಾಸು. ಲಾಟು ನನ್ನ ಪಾಲಾಯಿತು. ಎಷ್ಟಕ್ಕೆ ಅಂತ ಕೇಳಬೇಡಿ, ಇದನ್ನು ಮನೆಯವರೂ ಓದುತ್ತಾರೆ.

ಹೆರಾಲ್ಡ್ ನೋಡಿಯೇ ಇಲ್ಲದ ವಯಸ್ಸಿನವರಿಗೆ ಒಂದೆರಡು ಮಾತು. ಇಟಲಿಯ ಜೊವಾನಿ ಮಿಕೆಲೊಟ್ಟಿ ವಿನ್ಯಾಸ ಮಾಡಿದ, 1959ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಟ್ರಯಂಫ್ ಹೆರಾಲ್ಡನ್ನು 1961ರಿಂದ ಮದರಾಸಿನ ಸ್ಟ್ಯಾಂಡರ್ಡ್ ಕಂಪನಿ ಇಲ್ಲಿ ಕಟ್ಟಿತು. 948 ಸಿಸಿ, ನಾಲ್ಕು ಸಿಲಿಂಡರ್, ಎರಡೇ ಬಾಗಿಲು. ನಾಲ್ಕು ಬಾಗಿಲಿನ ಹೆರಾಲ್ಡ್ ಆಮೇಲೆ ನಮ್ಮ ದೇಶದಲ್ಲೇ ಬಂತು, ಇಂಗ್ಲೆಂಡಿನಲ್ಲಿ ಅದು ಇರಲೇ ಇಲ್ಲ. ಅಂಬಾಸಿಡರಿಗೆ, ಫಿಯೆಟ್ಟಿಗೆ ಇಲ್ಲದ ಒಂದು ಅನುಕೂಲ ಇದಕ್ಕಿದೆ: ಮಡ್‌ಗಾರ್ಡ್, ಹೆಡ್‌ಲೈಟು ಸಮೇತ ಇಡೀ ಮುಂಭಾಗ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಮುಂದಿನ ಟೈರಿನ ಮೇಲೆ ಕೂತು ಇಂಜಿನ್ ಕೆಲಸ ಮಾಡಬಹುದು. ಸೊಂಟ ನೋವಿನ ನನ್ನಂಥವರಿಗೆ ಇಷ್ಟೇ ಕಾರಣ ಸಾಕು. 25 ಅಡಿಯ ಸುತ್ತಿನಲ್ಲಿ ತಿರುಗುವುದರಿಂದ ತೋಟದ ರಸ್ತೆಯ ತಿರುವಿಗೂ ಸಲೀಸು.

ಬಾಡಿ ಮೇಲಿಂದ ಚೆನ್ನಾಗಿಯೇ ಕಾಣುತ್ತದೆ. ಅಡಿಯಲ್ಲಿ ಮಲಗಿ ಟಾರ್ಚ್ ಬಿಟ್ಟಾಗ ಕಥೆ ಬೇರೆ. ಇದಕ್ಕೆ ಚಾಸಿ (ಅಡಿಯ ಉಕ್ಕಿನ ಚೌಕಟ್ಟು) ಬೇರೆ, ಬಾಡಿ ಬೇರೆ; ಚಾಸಿಯಿಂದ ಪಕ್ಕಕ್ಕೆ ಚಾಚಿಕೊಂಡ ತೋಳುಗಳ ಮೇಲೆ ಬಾಡಿ ಕೂರುತ್ತದೆ. ಮಲೆನಾಡಿನ ತೇವ ಮೊದಲು ತಿನ್ನುವುದು ಈ ತೋಳುಗಳನ್ನೇ. ಹಿಂದಿನ ಎಡಗಡೆಯದು ಸ್ಕ್ರೂಡ್ರೈವರಿನಲ್ಲಿ ಚುಚ್ಚಿದರೆ ಆಚೆಗೆ ಹೋಯಿತು. ಅದೊಂದನ್ನು ಕತ್ತರಿಸಿ ಅದೇ ಗೇಜಿನ ತಗಡಿನಲ್ಲಿ ಹೊಸದು ಮಾಡಿಸಿದೆವು. ಮಿಕ್ಕ ಮೂರಕ್ಕೆ ವೈರ್ ಬ್ರಷ್ ಹೊಡೆದು ರೆಡ್ ಆಕ್ಸೈಡ್ ಬಳಿದಿದ್ದೇವೆ.

ಇಂಜಿನ್ ಜಾಮಾಗಿತ್ತು. ಪ್ಲಗ್ ಬಿಚ್ಚಿ ನಾಲ್ಕೂ ಸಿಲಿಂಡರಿಗೆ ಡೀಸೆಲ್ಲು, ಪವರ್ ಸ್ಟೀರಿಂಗ್ ಆಯಿಲ್ ಬೆರೆಸಿ ಹಾಕಿ ಮಳೆಗಾಲವಿಡೀ ನೆನೆಯಲು ಬಿಟ್ಟೆವು. ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆಯುವ ಆಸೆಯಾದರೂ ಮೇಸ್ತ್ರಿ ಬಿಡಲಿಲ್ಲ. ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಉದ್ದನೆ ಸ್ಪ್ಯಾನರ್ ಹಾಕಿ ಹಿಂದಕ್ಕೆ ಮುಂದಕ್ಕೆ ಕೂದಲೆಳೆಯಷ್ಟು ಅಲ್ಲಾಡಿಸುತ್ತಾ ಹೋದರು, ಒಂದು ಮಧ್ಯಾಹ್ನ ಪೂರ್ತಿ ಸುತ್ತು ಬಂತು. ಪ್ಲಗ್ಗಿನ ತೂತಿನಿಂದ ಕಂದು ಬಣ್ಣದ ರಸ ಚಿಮ್ಮಿ ಅವರ ಅಂಗಿಗೂ ಬಿತ್ತು, ನನ್ನ ಕನ್ನಡಕಕ್ಕೂ ಬಿತ್ತು.

ಬ್ಯಾಟರಿ ಕೂರಿಸುವ ಮೊದಲು ಒಂದು ವಿಷಯ. ಈ ಗಾಡಿಯಲ್ಲಿ ಬಾಡಿಗೆ ಸೇರಿಸಿರುವುದು ಪ್ಲಸ್ ಟರ್ಮಿನಲ್ಲು. ಆ ಕಾಲದ ಬ್ರಿಟಿಷ್ ಗಾಡಿಗಳಲ್ಲಿ ಹೀಗೆ ಇರುತ್ತಿತ್ತು. ಈಗಿನ ಅಭ್ಯಾಸದಲ್ಲಿ ಮೈನಸ್ಸನ್ನು ಬಾಡಿಗೆ ಕೊಟ್ಟರೆ ಡೈನಮೋಗೆ ಪೆಟ್ಟು. ಹಾಗಾಗಿ ಬ್ಯಾಟರಿ ಪಕ್ಕ ಕೆಂಪು ಪೇಂಟಿನಲ್ಲಿ ದೊಡ್ಡದಾಗಿ ಬರೆದಿಟ್ಟಿದ್ದೇನೆ. ಪಾಯಿಂಟ್ ಗ್ಯಾಪ್ 15 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು), ಪ್ಲಗ್ 25, ವಾಲ್ವ್ ತಣ್ಣಗಿರುವಾಗ 10. ಫೈರಿಂಗ್ ಆರ್ಡರ್ 1-3-4-2. ಇಷ್ಟು ಸರಿ ಮಾಡಿ, ಪೆಟ್ರೋಲನ್ನು ಬಾಟಲಿಯಿಂದ ನೇರವಾಗಿ ಕಾರ್ಬುರೇಟರಿಗೆ ಕೊಟ್ಟಾಗ ಹೊತ್ತಿಕೊಂಡಿತು. ಸೈಲೆನ್ಸರಿನಿಂದ ಮೊದಲು ಬಂದದ್ದು ಇಲಿ ಗೂಡು.

ಪೆಟ್ರೋಲಿನ ವಿಷಯಕ್ಕೆ ಬಂದರೆ ಎರಡು ತಲೆನೋವು. 2000ದ ಫೆಬ್ರವರಿಯಿಂದ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ಇಲ್ಲ. ಹೆರಾಲ್ಡಿನದು ಎರಕದ ಕಬ್ಬಿಣದ ಹೆಡ್. ಎಕ್ಸಾಸ್ಟ್ ವಾಲ್ವ್ ಕೂರುವ ಜಾಗಕ್ಕೆ ಸೀಸವೇ ರಕ್ಷಣೆ ಕೊಡುತ್ತಿತ್ತು. ಅದಿಲ್ಲದೆ ಜೋರಾಗಿ ಓಡಿಸಿದರೆ ವಾಲ್ವ್ ಸೀಟು ಸವೆದು ಒಳಕ್ಕೆ ಇಳಿಯುತ್ತದೆ, ಗ್ಯಾಪ್ ತಾನಾಗಿ ಕಡಿಮೆಯಾಗುತ್ತಾ ಹೋಗುತ್ತದೆ. ಭಾನುವಾರ ನಿಧಾನಕ್ಕೆ ಓಡಿಸುವ ಗಾಡಿಗೆ ಅಷ್ಟು ಅವಸರವಿಲ್ಲ, ಗ್ಯಾಪ್ ಮೇಲೆ ಕಣ್ಣಿಟ್ಟರೆ ಸಾಕು. ಎಂದಾದರೂ ಹೆಡ್ ಬಿಚ್ಚಿದಾಗ ಗಟ್ಟಿ ಸೀಟು ಕೂರಿಸುವುದು. ಎರಡನೆಯದು ಈಗಿನದು: ಬಂಕಿನಲ್ಲಿ ಸಿಗುತ್ತಿರುವುದು 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್. ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಂ ಅದಕ್ಕೆ ಉಬ್ಬಿ ಮೆತ್ತಗಾಗುತ್ತವೆ. ಅಲ್ಲದೆ ಎಥನಾಲ್ ನೀರು ಹೀರುತ್ತದೆ, ನಮ್ಮ ಜೂನ್-ಜುಲೈನಲ್ಲಿ ಗಾಳಿಯೇ ಅರ್ಧ ನೀರು. ಪೈಪುಗಳನ್ನೆಲ್ಲ ಎಥನಾಲ್ ತಡೆಯುವ ಹೊಸ ಮಾಲಿಗೆ ಬದಲಾಯಿಸಿದ್ದಾಗಿದೆ. ಮಳೆಗಾಲದಲ್ಲಿ ಟ್ಯಾಂಕ್ ಖಾಲಿ ಮಾಡಿ ಇಡುವುದು ಅಂತ ನಿರ್ಧಾರ.

ಮೇಸ್ತ್ರಿ ಉಪ್ಪಳ್ಳಿಯವರು. ಜೀಪು, ರ್‍ಯಾಲಿ ಗಾಡಿ ಅಂತ ನೂರೆಂಟು ಬಿಚ್ಚಿ ಕಟ್ಟಿದ ಕೈ. ನಮ್ಮಿಬ್ಬರಿಗೂ ಜಗಳವಾಗಿದ್ದು ಮುಂದಿನ ಚಕ್ರದ ಟ್ರನಿಯನ್ ವಿಷಯಕ್ಕೆ. ಸ್ಟೀರಿಂಗ್ ತಿರುಗಿದಾಗ ಚಕ್ರದ ಕಂಬ ತಿರುಗುವುದು ಕೆಳಗಿರುವ ಒಂದು ಹಿತ್ತಾಳೆಯ ಗುಬಟಿನೊಳಗೆ, ಮರೆ ಸುತ್ತಿನ (ಸ್ಕ್ರೂವಿಗೆ ಇರುವಂಥ ಸುತ್ತು) ಮೇಲೆ. ಅವರು ಗ್ರೀಸ್ ಗನ್ ಎತ್ತಿಕೊಂಡರು.

“ಬೇಡ ಭಾಯ್, ಇದಕ್ಕೆ 90 ನಂಬರ್ ಗೇರ್ ಆಯಿಲೇ ಹಾಕಬೇಕು.”

“ನಿಪ್ಪಲ್ ಇಟ್ಟಿರೋದು ಯಾತಕ್ಕೆ ಸಾರ್ ಮತ್ತೆ? ಗ್ರೀಸಿಗೆ ತಾನೆ?”

ನಿಪ್ಪಲ್ ಇದೆ, ನಿಜ. ಆದರೆ ಗ್ರೀಸು ಮರೆಯ ಒಳಸುತ್ತಿನವರೆಗೆ ಇಳಿಯುವುದಿಲ್ಲ. ಹಳತಾದ ಮೇಲೆ ಗಟ್ಟಿಯಾಗಿ ದಾರಿ ಮುಚ್ಚುತ್ತದೆ, ಒಳಗೆ ನೀರು ನಿಂತು ಉಕ್ಕಿನ ಕಂಬ ತುಕ್ಕು ಹಿಡಿಯುತ್ತದೆ. ಒಂದು ದಿನ ತಿರುವಿನಲ್ಲಿ ಕಂಬ ಮುರಿದು ಚಕ್ರ ಮಡಚಿ ಮಲಗುತ್ತದೆ. ಹೆರಾಲ್ಡ್ ಇಟ್ಟುಕೊಂಡವರೆಲ್ಲ ಹೆದರುವುದು ಇದಕ್ಕೇ. ಬಿಚ್ಚಿ ತೋರಿಸಿದೆ. ಬಲಗಡೆಯದರಲ್ಲಿ ಬೆಲ್ಲದ ಪಾಕದಂತೆ ಕಟ್ಟಿಕೊಂಡ ಗ್ರೀಸು, ಅದರ ಕೆಳಗೆ ಕೆಂಪು ತುಕ್ಕು. ಭಾಯ್ ಸೀಮೆಎಣ್ಣೆಯಲ್ಲಿ ತೊಳೆದು, ಮರೆಯನ್ನು ಉಗುರಿನಿಂದ ಸವರಿ ನೋಡಿ, ಏನೂ ಹೇಳದೆ ಗ್ರೀಸ್ ಗನ್ನಿನ ಹೊಟ್ಟೆ ಬರಿದು ಮಾಡಿ ಅದಕ್ಕೇ 90 ಆಯಿಲ್ ತುಂಬಿಕೊಂಡು ಬಂದರು. ಅದೇ ಸರಿಯಾದ ವಿಧಾನ ಕೂಡ.

ಪೇಂಟ್ ವಿಷಯದಲ್ಲಿ ಮಾತ್ರ ರಾಜಿಯಾಗಿಲ್ಲ. ಚೆರ್ರಿ ಕೆಂಪು ಹೊಡೆಸಿದರೆ ಮದುವೆ ಬಾಡಿಗೆಗೆ ಹೋಗುತ್ತದೆ ಅನ್ನುವುದು ಅವರ ಲೆಕ್ಕ. ಈಗಿರುವುದು ಬಿಸಿಲಿಗೆ ಬೆಳ್ಳಗಾದ ತಿಳಿ ಹಸಿರು, ಬಾಗಿಲ ಒಳಮೂಲೆಯಲ್ಲಿ ಇನ್ನೂ ಕಂಪನಿಯ ಬಣ್ಣ ಹೊಳೆಯುತ್ತದೆ. ನಾನು ಅದನ್ನು ಮುಟ್ಟಿಸುವುದಿಲ್ಲ. ಪ್ರಪಂಚದ ದೊಡ್ಡ ಹರಾಜುಗಳನ್ನು ನೋಡಿದರೂ ಜನ ದುಡ್ಡು ಸುರಿಯುವುದು ಹೊಳಪಿಗಲ್ಲ. 2022ರ ಮೇನಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ 1955ರ ಮರ್ಸಿಡಿಸ್ 300 ಎಸ್‌ಎಲ್‌ಆರ್ ಕೂಪೆ 13.5 ಕೋಟಿ ಯೂರೋಗೆ ಹೋಯಿತು. ಮಾಡಿದ್ದೇ ಎರಡು, ಅಷ್ಟೂ ವರ್ಷ ಕಂಪನಿಯ ಕೈಯಲ್ಲೇ ಇತ್ತು. ರತ್ನಗಂಬಳಿಗಳಲ್ಲಿ 17ನೇ ಶತಮಾನದ ಪರ್ಷಿಯಾದ ಒಂದು ಕಂಬಳಿ 2013ರ ಜೂನ್‌ನಲ್ಲಿ ನ್ಯೂಯಾರ್ಕಿನ ಸಾದಬೀಸ್‌ನಲ್ಲಿ 3 ಕೋಟಿ 37 ಲಕ್ಷ ಡಾಲರ್ ಮುಟ್ಟಿತು, ಅವರ ಅಂದಾಜೇ 50ರಿಂದ 70 ಲಕ್ಷ ಇತ್ತು. ಅದು ಯಾರ ಮನೆಯಿಂದ ಯಾವ ಸಂಗ್ರಹಾಲಯಕ್ಕೆ ಬಂತು ಅನ್ನುವುದಕ್ಕೆ ದಾಖಲೆ ಇತ್ತು. ನನ್ನ ಹೆರಾಲ್ಡಿಗೆ ಆ ಯೋಗವಿಲ್ಲ, ಇರಲಿ. ಆದರೆ ಗ್ಲವ್ ಬಾಕ್ಸಿನಲ್ಲಿ ದೊಡ್ಡವರು ಪೆನ್ಸಿಲಿನಲ್ಲಿ ಬರೆದಿಟ್ಟ ಸರ್ವಿಸ್ ಪುಸ್ತಕ ಸಿಕ್ಕಿದೆ. ಹೊಸ ಪೇಂಟಿಗಿಂತ ಅದು ನನಗೆ ಹೆಚ್ಚು.

ಈಗ ಆ ಹಾಸಿನ ಕಥೆ. ತಿಂಗಳುಗಟ್ಟಲೆ ಅದು ಶೆಡ್ಡಿನ ಮೂಲೆಯಲ್ಲೇ ಸುತ್ತಿಟ್ಟು ಬಿದ್ದಿತ್ತು. ಹೆಂಡತಿಯ ಸೋದರಮಾವ ಹುಬ್ಬಳ್ಳಿಯಿಂದ ಬಂದವರು ಕಾರು ನೋಡಲು ಶೆಡ್ಡಿಗೆ ಬಂದು, ಕಾರು ಬಿಟ್ಟು ಅದರ ಮುಂದೆ ಕೂತುಬಿಟ್ಟರು. “ಏನ್ರೀ ಅಳಿಯಂದ್ರ, ನವಲಗುಂದದ ಜಮಖಾನ ಇದು! ಇದನ್ನ ತಂದು ಇಲ್ಲಿ ಒಗದೀರಲ್ಲ!” ಬಿಡಿಸಿ ಹಾಕಿದರೆ ನಡುವೆ ಪಗಡೆಯ ಹಾಸು, ನಾಲ್ಕು ಮೂಲೆಗೂ ನವಿಲು, ಕೆಂಪು-ಹಳದಿ-ಕಪ್ಪು. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಇದನ್ನು ನೇಯುವವರು ಹೆಂಗಸರೇ, ಮನೆಯ ಗೋಡೆಗೆ ಒರಗಿಸಿದಂತೆ ನೆಟ್ಟಗೆ ನಿಲ್ಲಿಸಿದ ಮಗ್ಗದಲ್ಲಿ. ಆದಿಲ್‌ಶಾಹಿ ಕಾಲದಲ್ಲಿ ವಿಜಯಪುರದಿಂದ ಬಂದು ನೆಲೆಸಿದ ನೇಕಾರರ ಕಸುಬು ಅಂತ ಹೇಳುತ್ತಾರೆ. ಈಗ ಜಿಐ (ಭೌಗೋಳಿಕ ಸೂಚಿ) ಮಾನ್ಯತೆ ಇದೆ, ನೇಯುವ ಕೈಗಳು ಬೆರಳೆಣಿಕೆಗೆ ಇಳಿದಿವೆ. ಹಾಲಿನಲ್ಲಿ ಹಾಸಿದ್ದ ‘ಪರ್ಷಿಯನ್’ಗೆ ಬಡಿದಾಡಿದವರು ಶೆಡ್ಡಿನ ಕಡೆ ತಿರುಗಿಯೂ ನೋಡಿರಲಿಲ್ಲ.

ಇದರಲ್ಲಿ ಗಂಟಿಲ್ಲ, ಉಣ್ಣೆಯಿಲ್ಲ. ಪೂರಾ ಹತ್ತಿ. ಹೊಕ್ಕಿನ ನೂಲನ್ನು, ಅಂದರೆ ಅಡ್ಡ ನೂಲನ್ನು, ಬಾಚಣಿಗೆಯಂಥ ಪಂಜದಿಂದ ಬಡಿದು ಕೂರಿಸುವುದರಿಂದ ಹಾಸಿನ ನೂಲು ಕಾಣುವುದೇ ಇಲ್ಲ. ಬಣ್ಣ ಬಿಡುತ್ತದೆಯೇ ಅಂತ ಒದ್ದೆ ಬಿಳಿ ಬಟ್ಟೆಯನ್ನು ಕೆಂಪಿನ ಮೇಲೆ ಒತ್ತಿ ಹಿಡಿದೆ, ನಸುಗೆಂಪು ಹತ್ತಿತು. ಅಲ್ಲಿಗೆ ನೆನೆಹಾಕಿ ಒಗೆಯುವ ಮಾತು ಮುಗಿಯಿತು. ಸೊಳ್ಳೆಪರದೆಯ ತುಂಡು ಹಾಸಿ ಅದರ ಮೇಲಿಂದ ವ್ಯಾಕ್ಯೂಮ್ ಹಿಡಿದು ಎರಡೂ ಮಗ್ಗುಲ ಧೂಳು ತೆಗೆದೆ. ಇಂಜಿನ್ ಆಯಿಲ್ ಕುಡಿದಿದ್ದ ಮೂಲೆಗೆ ಮುಲ್ತಾನಿ ಮಿಟ್ಟಿ ಪುಡಿ ಹರವಿ, ಮೇಲೆ ಹಲಗೆ ಹೇರಿ, ದಿನಾ ಪುಡಿ ಬದಲಾಯಿಸಿದೆ. ಕಪ್ಪು ಹೋಗಿ ಕಂದು ಕಲೆ ಉಳಿದಿದೆ, ಉಳಿಯಲಿ. ಕೆಂಪಿಲ್ಲದ ಕಡೆ ಮಾತ್ರ ಅಂಟುವಾಳದ ನೊರೆಯಲ್ಲಿ ಒರೆಸಿ ನೆರಳಲ್ಲಿ ಹರಡಿದೆ.

ಇಲಿ ತಿಂದ ತೂತಿಗೆ ಮಾವ ಹೇಳಿದ ದಾರಿ: ಮೊದಲು ಹಾಸು, ಆಮೇಲೆ ಹೊಕ್ಕು. ತೂತಿನ ಎರಡೂ ಕಡೆ ಗಟ್ಟಿ ನೇಯ್ಗೆಯೊಳಗೆ ಒಂದಿಂಚು ಹೊಗಿಸಿ ಹೊಸ ಹಾಸಿನ ನೂಲು ಎಳೆದು ಬಿಗಿಮಾಡಬೇಕು. ಅದರ ಮೇಲೆ ದಬ್ಬಣದಿಂದ ಹೊಕ್ಕು ಹಾಯಿಸಿ, ಊಟದ ಫೋರ್ಕಿನಿಂದ ಬಡಿದು ಕೂರಿಸುವುದು. ಹಳದಿ ನೂಲು ಹಳೆಯದಕ್ಕಿಂತ ಒಂದು ಪಟ್ಟು ಗಾಢವಾಗಿದೆ. ಚಹಾ ನೀರಲ್ಲಿ ಅದ್ದಿ ಹಳೆಯದರಂತೆ ಮಾಡಿ ಅಂತ ಒಬ್ಬರು ಸಲಹೆ ಕೊಟ್ಟರು. ರಿಪೇರಿ ರಿಪೇರಿಯಂತೆಯೇ ಕಾಣಲಿ, ಮುಂದೆ ಬೇರೆಯವರು ಬಿಚ್ಚಿ ಸರಿಮಾಡುವುದಾದರೂ ಯಾವುದು ಹೊಸದು ಅಂತ ಗೊತ್ತಾಗುತ್ತದೆ.

ಕಾರಿನ ಆರ್‌ಸಿಯ ಕಾಗದದ ಕೆಲಸ ಆಮೆ ನಡಿಗೆ. ಹರಾಜಿನಲ್ಲಿ ಕೊಂಡದ್ದಲ್ಲವೇ, ಫಾರಂ 32 ಕೊಟ್ಟರೆ ಆಯಿತು ಅಂತ ಹಲವರು ಹೇಳಿದರು. ಅದು ಸರ್ಕಾರ ನಡೆಸಿದ ಹರಾಜಿಗೆ. ಖಾಸಗಿ ಹರಾಜಾದರೆ ಮೊದಲು ಫಾರಂ 31ರಲ್ಲಿ ತೀರಿಕೊಂಡವರಿಂದ ವಾರಸುದಾರರ ಹೆಸರಿಗೆ, ಆಮೇಲೆ 29 ಮತ್ತು 30ರಲ್ಲಿ ಅವರಿಂದ ನನಗೆ. ಹೆಸರು ಬದಲಾದ ಮೇಲೆ 2021ರ ವಿಂಟೇಜ್ ನಿಯಮದಡಿ ಅರ್ಜಿ ಹಾಕುವ ಯೋಚನೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಇಂಜಿನ್ ಮೂಲರೂಪದಲ್ಲಿರಬೇಕು. ಹೊಸದಾಗಿ ನೋಂದಾಯಿಸಿದರೆ 20,000 ರೂಪಾಯಿ, ‘ವಿಎ’ ಸರಣಿಯ ನಂಬರ್, 10 ವರ್ಷದ ಅವಧಿ. ಈಗಾಗಲೇ ನೋಂದಣಿ ಇರುವ ಗಾಡಿ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು, ಹಾಗಾಗಿ ಮೈಸೂರು ರಾಜ್ಯದ ಕಾಲದ ಎಂವೈ ಪ್ಲೇಟು ಹೋಗುವುದಿಲ್ಲ. ಬದಲಿಗೆ ದಿನನಿತ್ಯದ ಓಡಾಟಕ್ಕಿಲ್ಲ; ಪ್ರದರ್ಶನ, ರ್‍ಯಾಲಿ, ಪೆಟ್ರೋಲು, ರಿಪೇರಿಗೆ ಮಾತ್ರ. ಬಾಡಿಗೆಗಂತೂ ಇಲ್ಲವೇ ಇಲ್ಲ. ಭಾಯ್‌ಗೆ ಇದನ್ನು ಓದಿ ಹೇಳಿದೆ, ಚೆರ್ರಿ ಕೆಂಪಿನ ಮಾತು ಸದ್ಯಕ್ಕೆ ನಿಂತಿದೆ.

ಇನ್ನು ಬಾಕಿ: ಬ್ರೇಕಿನ ಮಾಸ್ಟರ್ ಸಿಲಿಂಡರಿಗೆ ಹಿತ್ತಾಳೆ ಸ್ಲೀವ್ ಹಾಕಿಸಬೇಕು, ನಾಲ್ಕೂ ಡ್ರಮ್ಮಿನ ವೀಲ್ ಸಿಲಿಂಡರ್ ರಬ್ಬರ್ ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಹುಡುಕಬೇಕು. ಹಿಂದಿನ ಅಡ್ಡ ಪಟ್ಟಿ ಸ್ಪ್ರಿಂಗಿನ ಎಲೆಗಳನ್ನು ಬಿಡಿಸಿ ನೋಡಬೇಕು, ಗಾಡಿ ಎಡಕ್ಕೆ ಸ್ವಲ್ಪ ವಾಲಿದೆ. 5.20-13 ಟೈರು ಅಂಗಡಿಯಲ್ಲಿ ಇಲ್ಲ, ರಿಮ್ ಕಿರಿದಾದ್ದರಿಂದ 145/80 ಸಿಕ್ಕರೆ ಒಳ್ಳೆಯದು. ಮುಂದಿನ ಗಾಜಿನ ರಬ್ಬರ್ ಬೀಡಿಂಗ್ ಒಡೆದು ಮಳೆ ನೀರು ಡ್ಯಾಶ್‌ಬೋರ್ಡಿನ ಮರಕ್ಕೆ ಇಳಿಯುತ್ತಿದೆ. ಹಾಸನ, ಸಕಲೇಶಪುರದ ಕಡೆ ಯಾರ ಹಿತ್ತಲಿನಲ್ಲಾದರೂ ಹೆರಾಲ್ಡಿನ ಗಾಜು, ಬೀಡಿಂಗ್ ಇದ್ದರೆ ತಿಳಿಸಿ, ನಾನೇ ಬಂದು ಒಯ್ಯುತ್ತೇನೆ.