ನೀರಿನ ಬಾಟಲಿಯಲ್ಲಿ ಎಂಥ ಬಾಂಬು?

ನನಗೆ ವಿಮಾನದ ಹುಚ್ಚು ಅಂತ ನೆಂಟರಿಗೆಲ್ಲ ಗೊತ್ತು. ಹಾಗಾಗಿ ಮದುವೆ ಊಟದ ಪಂಕ್ತಿಯಲ್ಲೂ ಈ ಪ್ರಶ್ನೆ ತಪ್ಪಿದ್ದಲ್ಲ. "ಅಲ್ಲ ಮಾರಾಯ, ಏರ್‌ಪೋರ್ಟ್‌ನಲ್ಲಿ ನೀರಿನ ಬಾಟಲಿ ಕಿತ್ಕೊಂಡು ಬುಟ್ಟಿಗೆ ಹಾಕ್ತಾರಲ್ಲ, ನೀರಲ್ಲಿ ಎಂಥ ಬಾಂಬು? ಎಲ್ಲ ನಾಟಕ ಅಲ್ವಾ?"

ಸಿಟ್ಟು ಅರ್ಥ ಆಗುತ್ತದೆ. ಅಮ್ಮ ಕಟ್ಟಿಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ನಾನೂ ಒಮ್ಮೆ ಹೀಗೇ ಕಳೆದುಕೊಂಡಿದ್ದೇನೆ. ರಸ ಇದ್ದರೆ ಅದೂ ದ್ರವವೇ ಅಂತೆ.

ಆದರೆ ಪೂರ್ತಿ ನಾಟಕ ಅಲ್ಲ. 2006ರ ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ ಒಂದು ಗುಂಪು ಸಿಕ್ಕಿಬಿತ್ತು. ತಂಪುಪಾನೀಯದ ಬಾಟಲಿಯಲ್ಲಿ ಸ್ಫೋಟಕ ತುಂಬಿ, ಹೀಥ್ರೂನಿಂದ ಅಮೆರಿಕ, ಕೆನಡಾಕ್ಕೆ ಹೊರಡುವ ವಿಮಾನಗಳನ್ನು ಉಡಾಯಿಸುವುದು ಅವರ ಸಂಚು. ಆಗಲೂ ಜನ ನಕ್ಕರು. ವಿಮಾನದ ಟಾಯ್ಲೆಟ್‌ನಲ್ಲಿ ಕೂತು, ಐಸ್ ಇಟ್ಟುಕೊಂಡು, ಗಂಟೆಗಟ್ಟಲೆ ಬೆರೆಸುವುದು ಆಗುವ ಮಾತಾ ಅಂದರು. ಅದು ಆಗದ ಮಾತೇ. ಆದರೆ ಆ ಗುಂಪು ಹೊರಟಿದ್ದು ಅದನ್ನು ಮಾಡಲಿಕ್ಕಲ್ಲ. ಎಲ್ಲ ಮನೆಯಲ್ಲೇ ತಯಾರಿಸಿ, ಮುಚ್ಚಳದ ಸೀಲ್ ಒಡೆಯದ ಬಾಟಲಿಯಲ್ಲಿ ಒಯ್ಯುವ ಯೋಚನೆ ಅವರದು. ಕೋರ್ಟಿಗೂ ಇದು ಸುಲಭವಾಗಿರಲಿಲ್ಲ. 2008ರಲ್ಲಿ ಜ್ಯೂರಿ ಕೊಲೆಯ ಸಂಚನ್ನು ಒಪ್ಪಿತು, ವಿಮಾನದ ವಿಷಯದಲ್ಲಿ ಒಮ್ಮತಕ್ಕೆ ಬರಲಿಲ್ಲ. ಮರುವಿಚಾರಣೆಯಾಗಿ 2009ರಲ್ಲಿ ಮೂವರ ಮೇಲೆ ಅದೂ ಸಾಬೀತಾಯಿತು.

ಅದಕ್ಕೂ ಮೊದಲು, 1994ರಲ್ಲಿ, ಟೋಕಿಯೊಗೆ ಹೊರಟಿದ್ದ ಫಿಲಿಪೀನ್ಸ್ ವಿಮಾನದಲ್ಲಿ ದ್ರವ ಬಾಂಬ್ ಸಿಡಿದೇ ಇತ್ತು. ತಂದಿದ್ದು ಕಾಂಟ್ಯಾಕ್ಟ್ ಲೆನ್ಸ್ ತೊಳೆಯುವ ದ್ರವದ ಬಾಟಲಿಯಲ್ಲಿ. ಒಬ್ಬ ಪ್ರಯಾಣಿಕ ಸತ್ತ. ವಿಮಾನ ಹೇಗೋ ಓಕಿನಾವಾದಲ್ಲಿ ಇಳಿಯಿತು.

ಹಾಗಂತ, 2006ರ ಸಂಚಿನ ನಂತರ ಬಂದ 100 ಮಿಲಿಲೀಟರ್ ನಿಯಮ, ಅಂದರೆ ಕೈಚೀಲದಲ್ಲಿ ಅದಕ್ಕಿಂತ ದೊಡ್ಡ ಬಾಟಲಿಯಲ್ಲಿ ದ್ರವ ಒಯ್ಯಬಾರದು ಅನ್ನುವುದು, ಜಾಣ ನಿಯಮ ಅಂತ ನಾನು ಹೇಳುವುದಿಲ್ಲ. ಬಾಟಲಿಯೊಳಗೆ ಇರುವುದು ನೀರೋ ಇನ್ನೊಂದೋ ಅಂತ ಹಳೆಯ ಎಕ್ಸ್‌ರೇ ಯಂತ್ರಕ್ಕೆ ಸರಿಯಾಗಿ ತಿಳಿಯುತ್ತಿರಲಿಲ್ಲ. ತಿಳಿಯದ್ದನ್ನು ಸುಮ್ನೆ ಬೇಡ ಅಂದರು, ಅಷ್ಟೇ. ಆಸ್ಪತ್ರೆಯ ಸಿಟಿ ಸ್ಕ್ಯಾನ್‌ನಂಥ ಹೊಸ ಯಂತ್ರ ಬಂದ ಕಡೆ ನಿಯಮವೂ ಸಡಿಲವಾಗುತ್ತಿದೆ. ಸ್ಕಾಟ್ಲೆಂಡಿನ ಎಡಿನ್‌ಬರಾ ಏರ್‌ಪೋರ್ಟ್‌ನಲ್ಲಿ 2025ರಿಂದ 2 ಲೀಟರ್‌ವರೆಗಿನ ಬಾಟಲಿ ಒಯ್ಯಬಹುದು.

ಇನ್ನು, ಬಾಟಲಿಗಿಂತ ಜಾಸ್ತಿ ನನ್ನನ್ನು ಕಾಡುವುದು ಕನಿಷ್ಕ. 1985ರ ಜೂನ್ 23. ಏರ್ ಇಂಡಿಯಾದ ಆ ವಿಮಾನ ಐರ್ಲೆಂಡ್ ಹತ್ತಿರ ಸಮುದ್ರದ ಮೇಲೆ ಸಿಡಿದು 329 ಜನ ಸತ್ತರು. ಬಾಂಬ್ ಇದ್ದದ್ದು ಚೆಕ್-ಇನ್ ಮಾಡಿದ ಸೂಟ್‌ಕೇಸಿನಲ್ಲಿ. ಕೆನಡಾದ ವ್ಯಾಂಕೂವರ್‌ನಲ್ಲಿ, ಟೊರಾಂಟೊಗೆ ಹೋಗುವ ಬೇರೆ ಕಂಪನಿಯ ವಿಮಾನದ ಕೌಂಟರಿನಲ್ಲಿ, ಒಬ್ಬ ಅದನ್ನು ಏರ್ ಇಂಡಿಯಾಕ್ಕೇ ನೇರ ಕಳಿಸಿ ಅಂತ ಹಟ ಹಿಡಿದ. ಏರ್ ಇಂಡಿಯಾ ವಿಮಾನದಲ್ಲಿ ಅವನ ಸೀಟು ಖಾತ್ರಿ ಆಗಿರಲಿಲ್ಲ. ಹಿಂದೆ ಉದ್ದ ಸಾಲು. ಸಾಕಾಗಿ ಸಿಬ್ಬಂದಿ ಒಪ್ಪಿಬಿಟ್ಟರು. ಅವನು ವಿಮಾನ ಹತ್ತಲೇ ಇಲ್ಲ, ಸೂಟ್‌ಕೇಸ್ ಹೋಯಿತು. ಟೊರಾಂಟೊದಲ್ಲಿ ಅವತ್ತೇ ಎಕ್ಸ್‌ರೇ ಯಂತ್ರ ಕೆಟ್ಟಿತ್ತು. ಕೈಯಲ್ಲಿ ಹಿಡಿಯುವ ಒಂದು ಸಾಧನದಿಂದ ಉಳಿದ ಬ್ಯಾಗು ನೋಡಿ ಒಳಗೆ ಹಾಕಿದರು. ಇಲ್ಲಿ ರಸಾಯನಶಾಸ್ತ್ರದ ಚರ್ಚೆಗೆ ಜಾಗವೇ ಇಲ್ಲ. ಬ್ಯಾಗು ಬಂದಿದೆ, ಮನುಷ್ಯ ಎಲ್ಲಿ ಅಂತ ಯಾರೂ ಕೇಳಲಿಲ್ಲ.

ಈಗ ಕೇಳುತ್ತಾರೆ. ಚೆಕ್-ಇನ್ ಮಾಡಿದವರು ಬರದಿದ್ದರೆ ಅವರ ಬ್ಯಾಗನ್ನು ಹುಡುಕಿ ಕೆಳಗಿಳಿಸಿಯೇ ವಿಮಾನ ಹೊರಡುವುದು. ಅರ್ಧ ಗಂಟೆ ತಡವಾಯಿತು ಅಂತ ಸುತ್ತಲಿನವರು ಗೊಣಗುವಾಗ ನಾನು ಕಿಟಕಿಯಿಂದ ಆ ಬ್ಯಾಗು ಕಾಣುತ್ತದಾ ಅಂತ ನೋಡುತ್ತಿರುತ್ತೇನೆ.