ಪ್ಯಾರಿಸ್‌ಗೆ ಮೂರು ಟಿಕೆಟ್

ನಮ್ಮಪ್ಪ ಅರಸೀಕೆರೆ ಡಿಪೋದಲ್ಲಿ ಕಂಡಕ್ಟರ್ ಆಗಿದ್ದವರು. ತಿಪಟೂರು, ತುಮಕೂರು ದಾಟಿ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಯಾವ ಸ್ಟೇಜಿಗೆ ಎಷ್ಟು ದರ ಅನ್ನೋದು ಅವರಿಗೆ ಬಾಯಿಪಾಠ. ರಿಟೈರ್ ಆಗಿ ಎಷ್ಟೋ ವರ್ಷವಾಯಿತು. ಈಗಲೂ ಮನೆಗೆ ಯಾರೇ ಬಂದರೂ ನೀರು ಕೊಡುವ ಮೊದಲೇ ಕೇಳುತ್ತಾರೆ, "ಟಿಕೆಟ್ ಎಷ್ಟು ತಗೊಂಡ?"

2024ರ ಜುಲೈನಲ್ಲಿ, ನವೆಂಬರ್‌ಗೆ ಪ್ಯಾರಿಸ್‌ಗೆ ಹೋಗೋಣ ಅಂತಿದ್ದೀವಿ ಅಂತ ನಾವಿರುವ ಅಮೆರಿಕದ ನ್ಯೂಜೆರ್ಸಿಯಿಂದ ಫೋನಿನಲ್ಲಿ ಹೇಳಿದೆ. ಅವರು ಐಫೆಲ್ ಟವರ್ ಬಗ್ಗೆ ಏನೂ ಕೇಳಲಿಲ್ಲ.

"ನ್ಯೂಜೆರ್ಸಿಯಿಂದ ಪ್ಯಾರಿಸ್‌ಗೆ ಎಷ್ಟವ್ವ ಚಾರ್ಜು?"

"ಅದು ಗಂಟೆಗೊಂದು ಥರ ಇರುತ್ತಪ್ಪ."

"ಅದೆಂಗವ್ವ? ಊರು ಅಲ್ಲೇ ಇರ್ತದಲ್ಲ?"

ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ನನ್ನ ಎರಡು ತಿಂಗಳ ರಾತ್ರಿಗಳು ಕಳೆದವು. ಮಗಳು ಮಲಗಿದ ಮೇಲೆ ಲ್ಯಾಪ್‌ಟಾಪ್, ಒಂದು ನೋಟ್‌ಬುಕ್, ಪಕ್ಕದಲ್ಲಿ ಚೌಚೌ ಡಬ್ಬಿ. ನೋಟ್‌ಬುಕ್ಕಿನಲ್ಲಿ, ಅಪ್ಪ ಟಿಕೆಟ್ ಲೆಕ್ಕ ಬರೆಯುತ್ತಿದ್ದ ವೇಬಿಲ್ ಥರವೇ ಗೆರೆ ಹಾಕಿಕೊಂಡಿದ್ದೆ. ದಿನಾಂಕ, ಏರ್‌ಲೈನ್, ತೋರಿಸಿದ ದರ, ಕೊನೆಗೆ ಬೀಳುವ ದರ. ಈ ಕೊನೆಯ ಎರಡು ಕಾಲಂ ಒಂದೇ ಆಗಿದ್ದು ನಾನು ನೋಡಲೇ ಇಲ್ಲ.

ನವೆಂಬರ್ ಯಾಕೆ ಅಂತ ಹೇಳಿಬಿಡ್ತೀನಿ. ನ್ಯೂಜೆರ್ಸಿಯಲ್ಲಿ ನವೆಂಬರ್ ಮೊದಲ ಭಾಗದಲ್ಲಿ ಟೀಚರ್‌ಗಳ ಸಂಘದ ಸಮ್ಮೇಳನ ನಡೆಯುತ್ತದೆ. ಆ ಗುರುವಾರ, ಶುಕ್ರವಾರ ಶಾಲೆಗೆ ರಜೆ. 2024ರಲ್ಲಿ ಅದು ನವೆಂಬರ್ 7 ಮತ್ತು 8. ಅದೇ ವಾರದ ಮಂಗಳವಾರ ಎಲೆಕ್ಷನ್ ಬೇರೆ, ನಮ್ಮ ಕಡೆ ಅವತ್ತೂ ಶಾಲೆ ಇರಲಿಲ್ಲ. ಈ ರಜೆ ಬೇರೆ ರಾಜ್ಯಗಳಿಗಿಲ್ಲ. ನಮ್ಮ ಜನ ಆ ವಾರ ಗುಂಪುಗುಂಪಾಗಿ ಫ್ಲಾರಿಡಾದ ಡಿಸ್ನಿಗೆ ಹೋಗಿ ದುಬಾರಿ ದುಡ್ಡು ಕೊಟ್ಟು ಕ್ಯೂ ನಿಲ್ಲುತ್ತಾರೆ. ಅದೇ ಹೊತ್ತಿಗೆ ಯೂರೋಪಿನ ವಿಮಾನಗಳಲ್ಲಿ ಸೀಟು ಖಾಲಿ. ಬೇಸಿಗೆಯ ಗದ್ದಲ ಮುಗಿದಿರುತ್ತದೆ, ಕ್ರಿಸ್‌ಮಸ್ ಇನ್ನೂ ದೂರ. ಜುಲೈನಲ್ಲಿ ಸಾವಿರ ಡಾಲರ್ ದಾಟುವ ಟಿಕೆಟ್ ನವೆಂಬರ್‌ನಲ್ಲಿ ಅದರ ಅರ್ಧಕ್ಕೆ ಕಂಡಾಗ, ಚಳಿ ಆದರೆ ಆಗಲಿ, ಸ್ವೆಟರ್ ಇದೆಯಲ್ಲ ಅಂದುಕೊಂಡೆ. ಮಳೆಗಾಲದಲ್ಲಿ ಜೋಗ ನೋಡಲು ಹೋಗುವವರು ನಾವು, ಪ್ಯಾರಿಸ್ ಮಳೆಗೆ ಹೆದರೋದೇನು.

ಮೊದಲು ನೋಡಿದ್ದು ಗೂಗಲ್ ಫ್ಲೈಟ್ಸ್. ಅದರ ಕ್ಯಾಲೆಂಡರಿನಲ್ಲಿ ಒಂದೊಂದು ದಿನದ ಕೆಳಗೂ ದರ ಬರುತ್ತದೆ. ಮಂಗಳವಾರ ಸಂಜೆ ಹೊರಟು ಭಾನುವಾರ ವಾಪಸ್ ಅಂದರೆ ಒಂದು ದರ. ಸೋಮವಾರ ವಾಪಸ್ ಅಂದರೆ ತಲೆಗೆ 140 ಡಾಲರ್ ಕಮ್ಮಿ. ಮೂರು ಜನಕ್ಕೆ 420. ಪ್ಯಾರಿಸ್‌ನಲ್ಲಿ ಇನ್ನೊಂದು ರಾತ್ರಿಯ ಹೋಟೆಲ್ ಖರ್ಚು ಕಳೆದರೂ ಲಾಭವೇ. ಮಗಳಿಗೆ ಒಟ್ಟು ಎರಡು ದಿನ ಶಾಲೆ ತಪ್ಪಿತು. ಆರನೇ ಕ್ಲಾಸಲ್ಲಿ ಎರಡು ದಿನ ತಪ್ಪಿದರೆ ಮುಳುಗುವುದು ಏನೂ ಇಲ್ಲ ಅಂತ ನನ್ನ ಲೆಕ್ಕ. ನನ್ನ ಗಂಡನ ಲೆಕ್ಕ ಬೇರೆ ಇತ್ತು, ಅದು ಬಿಡಿ.

ಇನ್ನು ಬ್ರೌಸರ್‌ನಲ್ಲಿ ಗುಟ್ಟಾಗಿ ಹುಡುಕಿದರೆ, ಕುಕೀಸ್ ಅಳಿಸಿದರೆ ದರ ಇಳಿಯುತ್ತೆ ಅಂತ ಎಲ್ಲರೂ ಹೇಳ್ತಾರೆ. ನಾನು ಎರಡು ಲ್ಯಾಪ್‌ಟಾಪ್, ಒಂದು ಫೋನು ಪಕ್ಕಪಕ್ಕ ಇಟ್ಟು ನೋಡಿದೆ. ಒಂದು ಡಾಲರೂ ವ್ಯತ್ಯಾಸ ಬರಲಿಲ್ಲ. ವ್ಯತ್ಯಾಸ ಬಂದದ್ದು ಬೇರೆ ಕಡೆ. ಮೂರು ಜನ ಅಂತ ಹಾಕಿದಾಗ ತಲೆಗೆ 561. ಸುಮ್ನೆ ಒಬ್ಬರು ಅಂತ ಹಾಕಿ ನೋಡಿದರೆ 529!

ಇದರ ಒಳಗುಟ್ಟು ಹೀಗೆ. ಒಂದೇ ವಿಮಾನದ ಒಂದೇ ಥರದ ಸೀಟುಗಳನ್ನು ಏರ್‌ಲೈನಿನವರು ಬೇರೆ ಬೇರೆ ದರದ ಗುಂಪುಗಳಾಗಿ ವಿಂಗಡಿಸಿ ಇಟ್ಟಿರುತ್ತಾರೆ. ಅಗ್ಗದ ಗುಂಪಿನಲ್ಲಿ ಎರಡೇ ಸೀಟು ಉಳಿದಿದ್ದು ನೀವು ಮೂರು ಕೇಳಿದರೆ, ಎರಡು ಅಗ್ಗ, ಒಂದು ದುಬಾರಿ ಅಂತ ಕೊಡುವುದಿಲ್ಲ. ಮೂರನ್ನೂ ಮೇಲಿನ ಗುಂಪಿನ ದರಕ್ಕೆ ಏರಿಸುತ್ತಾರೆ. ಒಬ್ಬರದ್ದು, ಇಬ್ಬರದ್ದು ಬೇರೆ ಬೇರೆ ಬುಕ್ ಮಾಡಿದರೆ ಉಳಿತಾಯ ಆಗುತ್ತದೆ. ಆದರೆ ಮಗು ಇದ್ದರೆ ದೊಡ್ಡವರೊಬ್ಬರ ಜೊತೆಗೇ ಅದರ ಬುಕಿಂಗ್ ಇರಬೇಕು. ಇಷ್ಟು ಕಲಿತು, ಹಿಗ್ಗಿ, ಮಾರನೇ ದಿನ ಕೂತರೆ ಆ ಅಗ್ಗದ ಸೀಟುಗಳು ಹೋಗಿದ್ದವು.

ಅಪ್ಪನಿಗೆ ಇದನ್ನು ವಿವರಿಸಿದೆ. "ಹಂಗೇನಾದ್ರೂ ನಾವು ಮಾಡಿದ್ದಿದ್ರೆ ಚೆಕಿಂಗ್‌ನೋರು ಬಂದು ಸಸ್ಪೆಂಡ್ ಮಾಡೋರು" ಅಂದರು.

ಇಲ್ಲಿಯವರೆಗಿನದು ಯಾರಿಗಾದರೂ ಆಗುವಂಥ ಕಥೆ. ಅಗ್ಗದ ಟಿಕೆಟ್ ಬಗ್ಗೆ ಅಮೆರಿಕದಲ್ಲಿ ಬರೆಯುವವರು ಓದುವವರ ಕೈಯಲ್ಲಿ ಅಮೆರಿಕದ ಪಾಸ್‌ಪೋರ್ಟ್ ಇದೆ ಅಂದುಕೊಂಡೇ ಬರೆಯುತ್ತಾರೆ. ದರ ಬಿದ್ದ ಕೂಡಲೇ ಕೊಂಡುಬಿಡಿ, ಮುಂದಿನ ವಾರ ಹಾರಿ, ಯಾವ ಊರಿಗೆ ಅಗ್ಗವೋ ಆ ಊರಿಗೆ ಹೋಗಿ ಅಂತ. ನಮ್ಮ ಮಗಳಿಗೆ ಅದು ಸರಿ. ಅವಳು ಇಲ್ಲಿ ಹುಟ್ಟಿದವಳು, ಪ್ಯಾರಿಸ್‌ಗೆ ವೀಸಾ ಬೇಡ. ನಮ್ಮಿಬ್ಬರದ್ದು ಭಾರತದ ಪಾಸ್‌ಪೋರ್ಟ್. ಗ್ರೀನ್ ಕಾರ್ಡ್ ಇದ್ದರೂ, ಯೂರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಕೊಡುವ ಷೆಂಗೆನ್ ವೀಸಾ ಬೇಕೇ ಬೇಕು. ಆ ಜೂನ್‌ನಲ್ಲಷ್ಟೇ ಅದರ ಫೀಸು 80ರಿಂದ 90 ಯೂರೋಗೆ ಏರಿತ್ತು. ಜೊತೆಗೆ ವೀಸಾ ಅರ್ಜಿ ತಗೊಳ್ಳುವ ಸೆಂಟರ್‌ನವರ ಫೀಸು, 30,000 ಯೂರೋ ಮೊತ್ತದ ಇನ್ಶೂರೆನ್ಸು. ಹೋಗಿ ಬರುವ ಬುಕಿಂಗ್ ತೋರಿಸಬೇಕು. ಆದರೆ ವೀಸಾ ಸಿಗದಿದ್ದರೆ ಆ ಟಿಕೆಟ್ ದುಡ್ಡು ಯಾರ ತಲೆಯ ಮೇಲೆ?

ಅದಕ್ಕೇ ನನ್ನ ನೋಟ್‌ಬುಕ್ಕಿನ ಲೆಕ್ಕ ಬೇರೆಯವರ ಲೆಕ್ಕಕ್ಕಿಂತ ಬೇರೆಯಾಯಿತು. ನಮ್ಮ ನ್ಯೂಜೆರ್ಸಿಯ ನೆವಾರ್ಕ್‌ನಿಂದ ಪ್ಯಾರಿಸ್‌ನ ಓರ್ಲಿ ಏರ್‌ಪೋರ್ಟಿಗೆ ಫ್ರೆಂಚ್ ಬೀ ಅನ್ನುವ ಕಮ್ಮಿ ದರದ ಏರ್‌ಲೈನ್ ಇದೆ. ನ್ಯೂಯಾರ್ಕಿನ ಜೆಎಫ್‌ಕೆ ಏರ್‌ಪೋರ್ಟಿನಿಂದ ಆಗ ನಾರ್ಸ್ ಹಾರುತ್ತಿತ್ತು. ಇಂಥವುಗಳ ತೀರಾ ಕಮ್ಮಿ ದರದಲ್ಲಿ ಸೀಟು ಮಾತ್ರ ಸಿಗುತ್ತದೆ, ಲಗೇಜು, ಊಟಕ್ಕೆಲ್ಲ ಬೇರೆ ದುಡ್ಡು. ಅದರಲ್ಲಿ ಮೋಸ ಏನೂ ಇಲ್ಲ, ಹೇಳಿಯೇ ಮಾರುತ್ತಾರೆ. ಒಂದು ಬೆನ್ನಿನ ಚೀಲ ಹಾಕಿಕೊಂಡು ಹೋಗುವ ಹುಡುಗರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ನಮಗೆ ಅಂಥದ್ದೊಂದು ಟಿಕೆಟ್ ತಲೆಗೆ 402 ಅಂತ ಕಂಡಿತು, ಮೂವರಿಗೆ 1,206. ಒಂದು ಸೂಟ್‌ಕೇಸ್, ಮೂವರೂ ಒಟ್ಟಿಗೆ ಕೂರುವ ಸೀಟು ಸೇರಿಸಿದರೆ 1,536 ಆಯಿತು, ಊಟ ಇನ್ನೂ ಸೇರಿಸಿರಲಿಲ್ಲ. ನಾವು ಪ್ರಯಾಣ ರದ್ದು ಮಾಡಿದರೆ ಆ ದುಡ್ಡು ಹೋದ ಹಾಗೆಯೇ.

ಇನ್ನೊಂದು ಕಡೆ ದೊಡ್ಡ ಅಮೆರಿಕನ್ ಏರ್‌ಲೈನಿನ ಸಾಮಾನ್ಯ ಎಕಾನಮಿ. 561ರಂತೆ 1,683. ಲಗೇಜು, ಸೀಟು, ಊಟ ಎಲ್ಲ ಅದರಲ್ಲೇ. 2020ರಿಂದ ಇಲ್ಲಿನ ದೊಡ್ಡ ಏರ್‌ಲೈನ್‌ಗಳು ಅಮೆರಿಕದಿಂದ ಹೊರಡುವ ಇಂಥ ಟಿಕೆಟ್ ಬದಲಿಸಿದರೆ ದಂಡ ಹಾಕುವುದನ್ನು ಬಿಟ್ಟಿವೆ. ರದ್ದು ಮಾಡಿದರೆ ದುಡ್ಡು ಕ್ರೆಡಿಟ್ ಆಗಿ ಉಳಿಯುತ್ತದೆ. ಅದಕ್ಕಿಂತ ಅಗ್ಗದ ಬೇಸಿಕ್ ಎಕಾನಮಿ ಟಿಕೆಟ್ಟಿಗೆ ಈ ಸೌಲಭ್ಯ ಇಲ್ಲ, ನೋಡಿಕೊಳ್ಳಿ. ವ್ಯತ್ಯಾಸ 147 ಡಾಲರ್. ವೀಸಾ ಸಿಗುತ್ತೋ ಇಲ್ಲವೋ ಅನ್ನುವ ಚಿಂತೆಗೆ ಅಷ್ಟು ಬೆಲೆ ಕೊಡಬಹುದು ಅನ್ನಿಸಿತು. ಜುಲೈ ಕೊನೆಯಲ್ಲಿ ಒಂದು ರಾತ್ರಿ ಹನ್ನೊಂದಕ್ಕೆ ಕೊಂಡುಬಿಟ್ಟೆ.

ಬೆಳಿಗ್ಗೆ ಕಾಫಿ ಕುಡಿಯುತ್ತಾ ಗಂಡ ಇಮೇಲ್ ನೋಡಿ ಕೇಳಿದರು, "ಬುಧವಾರ ಯಾಕೆ ಹೊರಡ್ತಿದ್ದೀವಿ?" ನಿದ್ದೆಗಣ್ಣಲ್ಲಿ 5ರ ಬದಲು 6 ಒತ್ತಿದ್ದೆ. ಆದರೆ ಅಮೆರಿಕದಲ್ಲಿ ಒಂದು ಒಳ್ಳೇ ನಿಯಮ ಇದೆ. ಹೊರಡಲು ಏಳು ದಿನ ಅಥವಾ ಅದಕ್ಕಿಂತ ಜಾಸ್ತಿ ಇದ್ದು, ಏರ್‌ಲೈನಿನಿಂದಲೇ ನೇರವಾಗಿ ಕೊಂಡಿದ್ದರೆ, 24 ಗಂಟೆಯೊಳಗೆ ರದ್ದು ಮಾಡಿದರೆ ಪೂರ್ತಿ ದುಡ್ಡು ವಾಪಸ್. ಕೆಲವು ಏರ್‌ಲೈನ್‌ಗಳು ಇದರ ಬದಲು ದುಡ್ಡಿಲ್ಲದೆ 24 ಗಂಟೆ ಸೀಟು ಹಿಡಿದಿಡಬಹುದು, ಎರಡರಲ್ಲಿ ಒಂದು ಕೊಡಲೇಬೇಕು. ರದ್ದು ಮಾಡಿ ಮಂಗಳವಾರಕ್ಕೆ ಮತ್ತೆ ಕೊಂಡೆ. ದರ ಅಷ್ಟೇ ಇತ್ತು, ಅದೃಷ್ಟ.

ನೇರವಾಗಿ ಕೊಳ್ಳುವುದಕ್ಕೆ ನನಗೆ ಇನ್ನೊಂದು ಕಾರಣವೂ ಇತ್ತು. ಅದಕ್ಕೆ ಮೊದಲೇ ಒಂದು ಟಿಕೆಟ್ ಏಜೆಂಟ್ ವೆಬ್‌ಸೈಟಿನಲ್ಲಿ ತಲೆಗೆ 349 ಡಾಲರ್ ಅಂತ ಕಂಡಿತ್ತು. ಡಬ್ಲಿನ್‌ನಲ್ಲಿ ಇಳಿದು ಪ್ಯಾರಿಸ್‌ಗೆ. ಕೈ ಇನ್ನೇನು ಕಾರ್ಡಿನ ನಂಬರ್ ಹಾಕುತ್ತಿತ್ತು, ಕೆಳಗೆ ಸಣ್ಣ ಅಕ್ಷರದಲ್ಲಿ 'ಸೆಲ್ಫ್ ಟ್ರಾನ್ಸ್‌ಫರ್' ಅಂತ ಇತ್ತು. ಅಂದರೆ ಅದು ಒಂದು ಟಿಕೆಟ್ ಅಲ್ಲ, ಬೇರೆ ಬೇರೆ ಟಿಕೆಟ್‌ಗಳನ್ನು ಪಕ್ಕಪಕ್ಕ ಇಟ್ಟಿದ್ದಾರೆ. ಡಬ್ಲಿನ್‌ನಲ್ಲಿ ಇಮಿಗ್ರೇಷನ್ ದಾಟಿ ಹೊರಗೆ ಬಂದು, ಲಗೇಜು ತಗೊಂಡು, ಮತ್ತೆ ಚೆಕ್‌ಇನ್ ಮಾಡಬೇಕು. ಐರ್ಲೆಂಡ್ ಷೆಂಗೆನ್‌ಗೆ ಸೇರಿಲ್ಲ. ಒಳಗೆ ಕಾಲಿಡಲು ಭಾರತದ ಪಾಸ್‌ಪೋರ್ಟಿಗೆ ಅಲ್ಲಿಯದೇ ವೀಸಾ ಬೇಕು. ನಾವಿಬ್ಬರೂ ಅಲ್ಲೇ ಉಳಿದು, ಮಗಳೊಬ್ಬಳೇ ಪ್ಯಾರಿಸ್ ನೋಡಿಕೊಂಡು ಬರಬೇಕಿತ್ತು!

ಡಬ್ಲಿನ್ ದಾರಿಯೇ ಕೆಟ್ಟದ್ದು ಅಂತ ಅಲ್ಲ. ಏರ್ ಲಿಂಗಸ್‌ನವರ ಒಂದೇ ಟಿಕೆಟ್ಟಿನಲ್ಲಿ ಹೋದರೆ ಲಗೇಜು ನೇರವಾಗಿ ಪ್ಯಾರಿಸ್‌ಗೇ ಹೋಗುತ್ತದೆ. ಬರುವಾಗ ಅಮೆರಿಕದ ಇಮಿಗ್ರೇಷನ್ ಡಬ್ಲಿನ್‌ನಲ್ಲೇ ಮುಗಿಯುವುದರಿಂದ ನೆವಾರ್ಕ್‌ನಲ್ಲಿ ಆ ಉದ್ದನೆ ಕ್ಯೂ ಇಲ್ಲ. ಐಸ್‌ಲ್ಯಾಂಡ್ ಇನ್ನೂ ಸಲೀಸು, ಅದು ಷೆಂಗೆನ್ ಒಳಗೇ ಇದೆ. ಐಸ್‌ಲ್ಯಾಂಡೇರ್‌ನಲ್ಲಿ ಹೋದರೆ ವಿಮಾನದ ದರ ಏರದೆ ಏಳು ದಿನದವರೆಗೆ ಅಲ್ಲಿ ಉಳಿಯಬಹುದು. ನವೆಂಬರ್‌ನ ಕತ್ತಲು, ಅಲ್ಲಿನ ಹೋಟೆಲ್ ದರ ಎರಡೂ ನೋಡಿ ಆ ಪುಟ ಮುಚ್ಚಿದೆ.

ಅಗ್ಗದ ಏರ್‌ಲೈನ್ ಅಂದಾಗ ಒಂದು ಮಾತು. ಅಟ್ಲಾಂಟಿಕ್ ಮೇಲೆ ಕಮ್ಮಿ ದರಕ್ಕೆ ಹಾರಿಸಲು ಹೊರಟ ಎಷ್ಟೋ ಕಂಪನಿ ನೆಲ ಕಚ್ಚಿವೆ. 1977ರಲ್ಲಿ ಲಂಡನ್-ನ್ಯೂಯಾರ್ಕ್ ನಡುವೆ ಶುರುವಾದ ಲೇಕರ್‌ನ ಸ್ಕೈಟ್ರೇನ್ 1982ರಲ್ಲಿ ನಿಂತಿತು. ಐಸ್‌ಲ್ಯಾಂಡಿನ ವಾವ್ 2019ರ ಮಾರ್ಚ್‌ನಲ್ಲಿ ಮುಚ್ಚಿತು. ಅದೇ ದೇಶದ ಪ್ಲೇ 2025ರ ಸೆಪ್ಟೆಂಬರ್‌ನಲ್ಲಿ. ಹಾಗಾಗಿ ಕ್ರೆಡಿಟ್ ಕಾರ್ಡ್‌ನಲ್ಲೇ ಕೊಳ್ಳಿ. ಕಂಪನಿ ಮುಳುಗಿದರೆ ಬ್ಯಾಂಕಿನ ಹತ್ತಿರ ದುಡ್ಡು ಕೇಳುವ ದಾರಿಯಾದರೂ ಇರುತ್ತದೆ.

ಆಗಸ್ಟ್‌ನಲ್ಲಿ ನ್ಯೂಯಾರ್ಕ್‌ಗೆ ಹೋಗಿ ಬೆರಳಚ್ಚು ಕೊಟ್ಟು ಬಂದೆವು. ಸೆಪ್ಟೆಂಬರ್ ಮೊದಲ ವಾರ ಪಾಸ್‌ಪೋರ್ಟ್ ವೀಸಾ ಸಮೇತ ಬಂತು. ಟಿಕೆಟ್ ಕೊಂಡ ಮೇಲೂ ನಾನು ದರ ಬದಲಾದರೆ ತಿಳಿಸುವ ಅಲರ್ಟ್ ತೆಗೆದಿರಲಿಲ್ಲ. ಕೊಂಡ ಮೇಲೆ ನೋಡಬೇಡ, ಸುಮ್ನೆ ಹೊಟ್ಟೆ ಉರಿ ಅಂತ ಗಂಡ ಹೇಳುತ್ತಿದ್ದರು. ಸೆಪ್ಟೆಂಬರ್ ಮಧ್ಯದಲ್ಲಿ ಒಂದು ಮಧ್ಯಾಹ್ನ ಅಲರ್ಟ್ ಬಂತು. ಅದೇ ವಿಮಾನ, ಅದೇ ದಿನ, 498. ಆಫೀಸಿನ ಮೀಟಿಂಗ್ ನಡುವೆಯೇ ಹಳೆಯ ಟಿಕೆಟ್ ಬದಲಿಸಿ ಹೊಸ ದರಕ್ಕೆ ಹಾಕಿಕೊಂಡೆ. ಮೂವರಿಂದ 189 ಡಾಲರ್ ಕ್ರೆಡಿಟ್ ಉಳಿಯಿತು. ಕೈಗೆ ನಗದು ಬರಲಿಲ್ಲ, ಆದರೆ ಮುಂದೆ ಚಿಕಾಗೋದಲ್ಲಿರುವ ನಾದಿನಿ ಮನೆಗೆ ಹೋಗಲು ಕೆಲಸಕ್ಕೆ ಬಂತು. ಈಗ ಕೂಡಿ ನೋಡಿ. 1,494. ಆ 402 ಡಾಲರ್‌ನ 'ಅಗ್ಗದ' ಟಿಕೆಟ್ಟಿಗಿಂತ 42 ಕಮ್ಮಿ, ಊಟದ ಸಮೇತ.

ಎಲೆಕ್ಷನ್ ದಿನ ಸಂಜೆ ನೆವಾರ್ಕ್ ಏರ್‌ಪೋರ್ಟಿನ ಒಂದೊಂದು ಟಿವಿಯಲ್ಲೂ ಅಮೆರಿಕದ ನಕ್ಷೆ. ಓಟಿಲ್ಲದ ನಾವು ನಿಂಬೆಹಣ್ಣಿನ ಚಿತ್ರಾನ್ನದ ಡಬ್ಬಿ ಬಿಚ್ಚಿ ಕೂತಿದ್ದೆವು. ಊಟ ಟಿಕೆಟ್ಟಿನಲ್ಲೇ ಇದೆ ಅಂತ ಗೊತ್ತಿದ್ದರೂ ಕಟ್ಟಿಕೊಂಡು ಬಂದಿದ್ದೆ. ವಿಮಾನದಲ್ಲಿ ನನ್ನ ಪಕ್ಕ ಒಬ್ಬಳು ಕಾಲೇಜು ಹುಡುಗಿ. ನಾನು ಅಪ್ಪನ ಮಗಳು, ಕೇಳದೆ ಇರೋಕಾಗುತ್ತಾ? ಬೇಸಿಕ್ ಎಕಾನಮಿ, 371 ಅಂದಳು. ಹಿಂದಿನ ಸಾಲಿನ ಕೋಟು ಹಾಕಿದ ಮನುಷ್ಯ ನಮ್ಮ ಮಾತು ಕೇಳಿಸಿಕೊಂಡು ಮೆಲ್ಲಗೆ ನಕ್ಕರು. ಮೂರು ದಿನದ ಹಿಂದೆ ಕೊಂಡದ್ದಂತೆ, 1,140. ಮೂವರಿಗೂ ಅದೇ ಪಾಸ್ತಾ, ಅದೇ ಗಟ್ಟಿ ಬನ್ನು.

ಪ್ಯಾರಿಸ್ ತಲುಪಿ, ರೈಲು ಹತ್ತಿ, ಹೋಟೆಲಿನ ವೈಫೈ ಸಿಕ್ಕಿದ ಮೇಲೆ ಮೊದಲು ಫೋನು ಮಾಡಿದ್ದು ಅರಸೀಕೆರೆಗೆ. 371, 498, 1,140, ಒಂದೇ ಬಂಡಿ, ಒಂದೇ ಸ್ಟೇಜು ಅಂತ ಪೂರ್ತಿ ವರದಿ ಒಪ್ಪಿಸಿದೆ. ಅಪ್ಪ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

"ಹಂಗಾದ್ರೆ ಆ ಕಂಡಕ್ಟ್ರು ವೇಬಿಲ್ ಹೆಂಗವ್ವ ಬರೀತಾನೆ?"